ಫೋನ್ ಪಕ್ಕದ ಕೋಣೆಯಲ್ಲಿರಲಿ: ಗಮನವಿಟ್ಟು ಕೆಲಸ ಮಾಡಬೇಕು ಅನ್ನುವವರಿಗೆ ಒಂದು ಮಾರ್ಗದರ್ಶಿ

"ಸೈಲೆಂಟ್ ಮಾಡಿದ್ದೀನಲ್ಲ, ಇನ್ನೇನು ತೊಂದರೆ?" ಓದುವಾಗ ಫೋನ್ ದೂರ ಇಡು ಅಂದರೆ ಬರುವ ಮೊದಲ ಉತ್ತರ ಇದೇ. ಸೈಲೆಂಟ್ ಮಾಡಿ, ಬೋರಲು ಹಾಕಿ, ಪುಸ್ತಕದ ಪಕ್ಕದಲ್ಲೇ ಇಟ್ಟುಕೊಂಡು ಕೂರುತ್ತೇವೆ. ಸದ್ದಿಲ್ಲ, ಬೆಳಕಿಲ್ಲ. ಆದರೂ ಅರ್ಧ ಗಂಟೆ ಬಿಟ್ಟು ನೋಡಿದರೆ ಪುಟ ತಿರುಗಿರುವುದಿಲ್ಲ, ಫೋನ್ ಮಾತ್ರ ಅಂಗಾತ ಮಲಗಿರುತ್ತದೆ. ಯಾವಾಗ ತಿರುಗಿಸಿದೆವು ಅನ್ನುವುದೂ ನೆನಪಿರುವುದಿಲ್ಲ.

ಫೋನ್ ಬಿಟ್ಟುಬಿಡಿ ಅಂತ ಬುದ್ಧಿ ಹೇಳಲು ಇದನ್ನು ಬರೆಯುತ್ತಿಲ್ಲ. ಫೋನ್ ಎಲ್ಲರಿಗೂ ಬೇಕು. ಆದರೆ ದಿನಕ್ಕೆ ಒಂದೋ ಎರಡೋ ಗಂಟೆಯಾದರೂ ತಲೆ ಪೂರ್ತಿ ಒಂದೇ ಕೆಲಸದಲ್ಲಿರಬೇಕು ಅನ್ನುವವರು ಇದ್ದೀರಲ್ಲ, ಆ ಹೊತ್ತಿನಲ್ಲಿ ಫೋನ್ ಎಲ್ಲಿರಬೇಕು, ಅದನ್ನು ದೂರ ಇಡುವ ಮುಂಚೆ ಏನೇನು ಸಿದ್ಧ ಮಾಡಿಕೊಳ್ಳಬೇಕು, ಇಟ್ಟ ಮೇಲೆ ಕೈ ಚಡಪಡಿಸಿದರೆ ಏನು ಮಾಡಬೇಕು, ಇಷ್ಟೇ ಇಲ್ಲಿಯ ವಿಷಯ.

ಫೋನ್ ಸುಮ್ನೆ ಪಕ್ಕದಲ್ಲಿದ್ದರೆ ಏನಾಗುತ್ತದೆ?

ಅಮೆರಿಕದ ಟೆಕ್ಸಸ್ ವಿಶ್ವವಿದ್ಯಾಲಯದ ಏಡ್ರಿಯನ್ ವಾರ್ಡ್ ಮತ್ತು ಅವರ ಜೊತೆಗಾರರು 2017ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಮೊದಲ ಪ್ರಯೋಗದಲ್ಲಿ 500ಕ್ಕೂ ಹೆಚ್ಚು ಕಾಲೇಜು ವಿದ್ಯಾರ್ಥಿಗಳಿದ್ದರು. ಕೆಲವರ ಫೋನ್ ಮೇಜಿನ ಮೇಲೆ ಬೋರಲು, ಕೆಲವರದು ಜೇಬು ಅಥವಾ ಚೀಲದಲ್ಲಿ, ಉಳಿದವರದು ಬೇರೆ ಕೋಣೆಯಲ್ಲಿ. ಎಲ್ಲರ ಫೋನಿನ ಸದ್ದನ್ನೂ ವೈಬ್ರೇಶನ್ ಅನ್ನೂ ಆಫ್ ಮಾಡಿಸಿದ್ದರು. ಆಮೇಲೆ ಪರೀಕ್ಷೆ. ಸಣ್ಣ ಲೆಕ್ಕಗಳನ್ನು ಬಿಡಿಸುತ್ತಾ, ನಡುನಡುವೆ ಕಾಣಿಸುವ ಅಕ್ಷರಗಳನ್ನು ಬಂದ ಕ್ರಮದಲ್ಲೇ ನೆನಪಿಟ್ಟುಕೊಳ್ಳಬೇಕು. ಇನ್ನೊಂದರಲ್ಲಿ ಒಂದು ವಿನ್ಯಾಸದ ಬಿಟ್ಟುಹೋದ ತುಂಡು ಯಾವುದು ಅಂತ ಹುಡುಕಬೇಕು. ಬೇರೆ ಕೋಣೆಯಲ್ಲಿ ಫೋನ್ ಬಿಟ್ಟು ಬಂದವರು ಎಲ್ಲರಿಗಿಂತ ಚೆನ್ನಾಗಿ ಮಾಡಿದರು. ಮೇಜಿನ ಮೇಲೆ ಇಟ್ಟುಕೊಂಡವರು ಎಲ್ಲರಿಗಿಂತ ಹಿಂದೆ ಬಿದ್ದರು. ಜೇಬಿನವರು ನಡುವೆ ಎಲ್ಲೋ.

ಮುಗಿದ ಮೇಲೆ ಕೇಳಿದರೆ ಹೆಚ್ಚಿನವರು ಹೇಳಿದ್ದು ಫೋನಿಂದ ತಮಗೇನೂ ಆಗಲಿಲ್ಲ ಅಂತ. ಇನ್ನೊಂದು ಪ್ರಯೋಗದಲ್ಲಿ ಫೋನನ್ನು ಪೂರ್ತಿ ಸ್ವಿಚ್ ಆಫ್ ಮಾಡಿಸಿ ನೋಡಿದರು. ಅದರಿಂದಲೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಎಲ್ಲಿದೆ ಅನ್ನುವುದು ಮುಖ್ಯವಾಯಿತು, ಆನ್ ಇದೆಯೋ ಆಫ್ ಇದೆಯೋ ಅನ್ನುವುದಲ್ಲ.

ಇಷ್ಟು ಓದಿ "ಫೋನ್ ನೋಡಿದರೆ ಬುದ್ಧಿ ಮಂಕಾಗುತ್ತೆ" ಅಂತ ಹೆದರಬೇಡಿ. ಕೆನಡಾದಲ್ಲಿ ಇದೇ ಪ್ರಯೋಗವನ್ನು ಮತ್ತೆ ಮಾಡಿ 2022ರಲ್ಲಿ ಪ್ರಕಟಿಸಿದರು, ಆ ಫಲ ಸಿಗಲಿಲ್ಲ. ಹಲವು ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಲೆಕ್ಕ ಹಾಕಿದವರಿಗೂ ಸಿಕ್ಕಿರುವ ಪರಿಣಾಮ ದೊಡ್ಡದೇನಲ್ಲ. ಇನ್ನೊಂದು ಕಡೆ, ಜರ್ಮನಿಯ ಪಾಡರ್‌ಬಾರ್ನ್ ವಿಶ್ವವಿದ್ಯಾಲಯದ ಸಂಶೋಧಕರು 2023ರಲ್ಲಿ, ಫೋನ್ ಎದುರಿಗಿದ್ದಾಗ ಗಮನದ ಪರೀಕ್ಷೆಯಲ್ಲಿ ಜನ ನಿಧಾನವಾಗುತ್ತಾರೆ ಅಂತ ತೋರಿಸಿದರು. ಚರ್ಚೆ ಇನ್ನೂ ಮುಗಿದಿಲ್ಲ. ಯಾರಾದರೂ ಇದು ಸಾಬೀತಾಗಿದೆ ಅಂತ ಮೇಜು ಕುಟ್ಟಿ ಹೇಳಿದರೆ ನಂಬಬೇಡಿ.

ಮತ್ತೆ ದೂರ ಯಾಕೆ ಇಡಬೇಕು? ನನ್ನ ಪ್ರಕಾರ ಕಾರಣ ಬೇರೆ, ಅದು ಇದಕ್ಕಿಂತ ಗಟ್ಟಿ. ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್‌ನ ಇಬ್ಬರು ಸಂಶೋಧಕರು ಜನರಿಗೆ ಪುಟ್ಟ ಕ್ಯಾಮೆರಾ ತೊಡಿಸಿ, ಅವರು ದಿನದಲ್ಲಿ ಯಾವಾಗ ಫೋನ್ ಎತ್ತುತ್ತಾರೆ ಅಂತ ನೋಡಿದರು. 2021ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಫೋನ್ ಎತ್ತಿದ ಸಂದರ್ಭಗಳಲ್ಲಿ ಶೇ. 89ರಷ್ಟು ಯಾವ ನೋಟಿಫಿಕೇಶನ್ನೂ ಬರದೇ, ಅವರಾಗಿಯೇ ಎತ್ತಿದ್ದು. ನೋಟಿಫಿಕೇಶನ್ ಕರೆದದ್ದು ಶೇ. 11 ಮಾತ್ರ. ಫೋನ್ ನಮ್ಮನ್ನು ಕರೆಯುವುದಕ್ಕಿಂತ ನಾವೇ ಅದನ್ನು ಹುಡುಕಿಕೊಂಡು ಹೋಗುವುದು ಜಾಸ್ತಿ. ಹಾಗಿದ್ದ ಮೇಲೆ ಸೈಲೆಂಟ್ ಮಾಡಿ ಏನು ಬಂತು? ಕೈಗೆ ಸಿಗುತ್ತದಲ್ಲ, ಅದೇ ಸಮಸ್ಯೆ. ಕೆಳಗಿನ ಎಲ್ಲಾ ಹೆಜ್ಜೆಗಳೂ ಇದೊಂದರ ಮೇಲೆ ನಿಂತಿವೆ.

ಹೆಜ್ಜೆ 1: ಕೈ ಯಾವಾಗ ಹೋಗುತ್ತದೆ, ನೋಡಿಕೊಳ್ಳಿ

ಇವತ್ತೇ ಏನನ್ನೂ ಬದಲಾಯಿಸಬೇಡಿ. ಎಂದಿನ ಹಾಗೆ ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಕೆಲಸಕ್ಕೆ ಕೂರಿ. ಒಂದು ಹಾಳೆ, ಒಂದು ಪೆನ್ನು ಹತ್ತಿರ ಇರಲಿ. ಫೋನ್ ಕಡೆ ಕೈ ಹೋದಾಗಲೆಲ್ಲ ಒಂದು ಗೀಟು ಎಳೆಯಿರಿ. ಎತ್ತಿದರೂ ಗೀಟು, ಕೈ ಹೋಗಿ ಹಿಂದಕ್ಕೆ ಬಂದರೂ ಗೀಟು. ಗೀಟಿನ ಪಕ್ಕದಲ್ಲಿ ಆ ಕ್ಷಣಕ್ಕೆ ಏನು ಮಾಡುತ್ತಿದ್ದಿರಿ ಅಂತ ಒಂದೆರಡು ಪದ ಬರೆಯಿರಿ.

ಸಾಮಾನ್ಯವಾಗಿ ಕಾಣುವುದು ಹೀಗೆ. ಒಂದು ಕಷ್ಟದ ಪ್ಯಾರಾ ಓದುತ್ತಿದ್ದೀರಿ. ಮೂರನೇ ಸಾಲಿನಲ್ಲಿ ಒಂದು ಪದ ಗೊತ್ತಿಲ್ಲ, ವಾಕ್ಯ ಬೇರೆ ಉದ್ದ. ಕಣ್ಣು ಸಾಲಿನ ಕೊನೆಗೆ ಹೋಗಿ ಮತ್ತೆ ಶುರುವಿಗೆ ಬರುತ್ತದೆ. ಎರಡನೇ ಸಲವೂ ಅರ್ಥವಾಗಲಿಲ್ಲ. ಅಷ್ಟರಲ್ಲಿ ಎಡಗೈ ಫೋನ್ ಎತ್ತಿ ಆಗಿರುತ್ತದೆ, ಪದದ ಅರ್ಥ ನೋಡೋಣ ಅನ್ನುವ ನೆಪ. ಲಾಕ್ ತೆಗೆದ ತಕ್ಷಣ ಮೇಲ್ಗಡೆ ಎರಡು ಮೆಸೇಜ್. ಒಂದಕ್ಕೆ ಉತ್ತರ ಕೊಡುತ್ತೀರಿ, ಇನ್ನೊಂದರಲ್ಲಿ ಒಂದು ವಿಡಿಯೋ ಇದೆ, ಚಿಕ್ಕದೇ ತಾನೆ ಅಂತ ನೋಡುತ್ತೀರಿ, ಅದು ಮುಗಿಯುವ ಹೊತ್ತಿಗೆ ಕೆಳಗೆ ಇನ್ನೊಂದು ಶುರುವಾಗಿರುತ್ತದೆ. ಕೊನೆಗೆ ಫೋನ್ ಕೆಳಗಿಟ್ಟು ಪುಸ್ತಕಕ್ಕೆ ಬಂದಾಗ ಆ ಪದದ ಅರ್ಥ ನೋಡಲೇ ಇಲ್ಲ ಅಂತ ಹೊಳೆಯುತ್ತದೆ.

ಗೀಟುಗಳ ಪಕ್ಕದ ಮಾತುಗಳನ್ನು ಓದಿ ನೋಡಿ. ಕೆಲಸ ಸಲೀಸಾಗಿ ಸಾಗುವಾಗ ಗೀಟು ಕಡಿಮೆ, ಎಲ್ಲಿ ತೊಡಕಾಯಿತೋ ಅಲ್ಲಿ ಜಾಸ್ತಿ, ಅಲ್ವಾ? ಇನ್ನೊಂದು ಜಾಗ, ಒಂದು ಕೆಲಸ ಮುಗಿದು ಇನ್ನೊಂದು ಶುರುವಾಗುವ ಸಂದು. ಮೂರನೆಯದು "ಗಂಟೆ ಎಷ್ಟಾಯಿತು" ಅಂತ ನೋಡಲು ಹೋಗಿದ್ದು. ನಿಮ್ಮ ಪಟ್ಟಿಯಲ್ಲಿ ಏನಿದೆಯೋ ಅದರ ಪ್ರಕಾರವೇ ಮುಂದಿನ ಹೆಜ್ಜೆಗಳಲ್ಲಿ ಯಾವುದಕ್ಕೆ ಒತ್ತು ಕೊಡಬೇಕು ಅಂತ ತಿಳಿಯುತ್ತದೆ. ಆದ್ದರಿಂದ ಈ ಹೆಜ್ಜೆಯನ್ನು ಹಾರಿಸಬೇಡಿ.

ಹೆಜ್ಜೆ 2: ಫೋನ್ ಮಾಡುವ ಸಣ್ಣ ಕೆಲಸಗಳನ್ನು ಬೇರೆಯದಕ್ಕೆ ವಹಿಸಿ

ಫೋನ್ ದೂರ ಇಟ್ಟವರು ಹತ್ತು ನಿಮಿಷಕ್ಕೆ ವಾಪಸ್ ತಂದುಕೊಳ್ಳುವುದು ಮೆಸೇಜ್ ನೋಡಲು ಅಲ್ಲ. ಟೈಮ್ ನೋಡಬೇಕು, ಲೆಕ್ಕ ಹಾಕಬೇಕು, ಪದದ ಅರ್ಥ ಬೇಕು, ಹಾಡು ಹಾಕಬೇಕು, ಲಾಗಿನ್ ಆಗಲು ಒಟಿಪಿ ಬೇಕು. ಎಲ್ಲವೂ ನ್ಯಾಯವಾದ ಕಾರಣಗಳೇ. ಅದಕ್ಕೇ ಇವು ಅಪಾಯ, ಯಾರೂ ಪ್ರಶ್ನೆ ಮಾಡುವುದಿಲ್ಲ, ನೀವೂ ಮಾಡಿಕೊಳ್ಳುವುದಿಲ್ಲ.

ಕೂರುವ ಮುಂಚೆ ಐದು ನಿಮಿಷ ಇದಕ್ಕೆ ಇಡಿ. ಮೇಜಿನ ಮೇಲೆ ಒಂದು ಗಡಿಯಾರ, ಕೈಗಡಿಯಾರವಾದರೂ ಸರಿ. ಆದರೆ ಸ್ಮಾರ್ಟ್ ವಾಚ್ ಬೇಡ, ಅದು ಮಣಿಕಟ್ಟಿಗೆ ಕಟ್ಟಿಕೊಂಡ ಫೋನೇ. ಸಮಯ ಎಣಿಸಲು ಸಾದಾ ಟೈಮರ್. ಲೆಕ್ಕಕ್ಕೆ ಬೇರೆ ಕ್ಯಾಲ್ಕ್ಯುಲೇಟರ್. ಓದಬೇಕಾದ ಪಿಡಿಎಫ್ ಫೋನಿನಲ್ಲಿದ್ದರೆ ಕಂಪ್ಯೂಟರಿಗೆ ಕಳಿಸಿಕೊಳ್ಳಿ, ಇಲ್ಲವೇ ಪ್ರಿಂಟ್ ತೆಗೆಯಿರಿ. ಒಟಿಪಿ ಬೇಕಾಗುವ ಲಾಗಿನ್‌ಗಳನ್ನೆಲ್ಲ ಶುರುವಿನಲ್ಲೇ ಮುಗಿಸಿ. ಗೊತ್ತಿಲ್ಲದ ಪದ ಬಂದರೆ ಅಡಿಗೆರೆ ಹಾಕಿ ಮುಂದೆ ಹೋಗಿ, ಎಲ್ಲವನ್ನೂ ಕೊನೆಯಲ್ಲಿ ಒಟ್ಟಿಗೆ ನೋಡಬಹುದು. ಅರ್ಧದಷ್ಟು ಪದಗಳ ಅರ್ಥ ಮುಂದಿನ ಸಾಲುಗಳಲ್ಲೇ ಗೊತ್ತಾಗಿಬಿಡುತ್ತದೆ.

ಹಾಡಿನ ವಿಷಯದಲ್ಲಿ ಮಾತ್ರ ನಾನು ಹಟ ಮಾಡುವುದಿಲ್ಲ. ಕೇಳಲೇಬೇಕು ಅಂತಿದ್ದರೆ ಒಂದು ಉದ್ದದ ಪಟ್ಟಿ ಶುರು ಮಾಡಿ ಫೋನನ್ನು ಆಚೆ ಕೋಣೆಯಲ್ಲೇ ಇಡಿ, ಬ್ಲೂಟೂತ್ ಅಷ್ಟು ದೂರಕ್ಕೆ ಸಾಮಾನ್ಯವಾಗಿ ಸಿಗುತ್ತದೆ. ಸಿಗದಿದ್ದರೆ ಹಾಡು ಬಿಡಿ.

ಹೆಜ್ಜೆ 3: ತುರ್ತು ಕರೆಗೆ ದಾರಿ ಮಾಡಿಡಿ

"ಮನೆಯಿಂದ ಏನಾದರೂ ಅರ್ಜೆಂಟ್ ಕರೆ ಬಂದರೆ?" ಈ ಪ್ರಶ್ನೆಗೆ ಸರಿಯಾದ ಉತ್ತರ ಇಲ್ಲದಿದ್ದರೆ ಫೋನ್ ದೂರ ಇಟ್ಟೂ ಪ್ರಯೋಜನವಿಲ್ಲ. ಕುರ್ಚಿಯಲ್ಲಿ ದೇಹ, ಆಚೆ ಕೋಣೆಯಲ್ಲಿ ಕಿವಿ. ಚಿಕ್ಕ ಮಕ್ಕಳಿರುವವರು, ವಯಸ್ಸಾದ ತಂದೆತಾಯಿ ಇರುವವರು ಇದನ್ನು ಮೊದಲು ಸರಿ ಮಾಡಿಕೊಳ್ಳಬೇಕು.

ಐಫೋನ್, ಆಂಡ್ರಾಯ್ಡ್ ಎರಡರಲ್ಲೂ ಡು ನಾಟ್ ಡಿಸ್ಟರ್ಬ್ ಇದೆ, ಅಂದರೆ ನೀವು ಬಿಟ್ಟವರ ಕರೆ ಹೊರತು ಉಳಿದ ಕರೆ, ಮೆಸೇಜ್‌ಗಳ ಸದ್ದನ್ನು ತಡೆಯುವ ಸೌಲಭ್ಯ. ಅದರ ಸೆಟ್ಟಿಂಗ್ಸ್‌ಗೆ ಹೋಗಿ, ಯಾರ ಕರೆ ಯಾವಾಗ ಬೇಕಾದರೂ ಬರಬಹುದೋ ಅವರ ಹೆಸರುಗಳನ್ನು ಮಾತ್ರ ಸೇರಿಸಿ. ಪಟ್ಟಿ ಚಿಕ್ಕದಿರಲಿ. ಜೊತೆಗೆ ಮತ್ತೆ ಮತ್ತೆ ಕರೆ ಮಾಡುವವರಿಗೆ ಬಿಡುವ ಆಯ್ಕೆ ಒಂದಿದೆ, ಅದನ್ನೂ ಆನ್ ಮಾಡಿ. ಒಬ್ಬರೇ ಸ್ವಲ್ಪ ಹೊತ್ತಿನಲ್ಲಿ ಎರಡನೇ ಸಲ ಕರೆ ಮಾಡಿದರೆ ಫೋನ್ ರಿಂಗ್ ಆಗುತ್ತದೆ. ಐಫೋನಿನಲ್ಲಿ ಆ ಗಡುವು 3 ನಿಮಿಷ, ಆಂಡ್ರಾಯ್ಡ್‌ನಲ್ಲಿ 15 ನಿಮಿಷ. ಮನೆಯವರಿಗೆ ಹೇಳಿಡಿ: "ನಿಜಕ್ಕೂ ಅರ್ಜೆಂಟ್ ಇದ್ದರೆ ಎರಡು ಸಲ ಕರೆ ಮಾಡಿ, ವಾಟ್ಸಾಪ್ ಕರೆ ಬೇಡ, ಮಾಮೂಲಿ ಕರೆ ಮಾಡಿ."

ಇಲ್ಲೊಂದು ಎಡವಟ್ಟಾಗುವ ಜಾಗವಿದೆ. ಡು ನಾಟ್ ಡಿಸ್ಟರ್ಬ್ ಬೇರೆ, ಸೈಲೆಂಟ್ ಬೇರೆ. ಫೋನನ್ನು ಸೈಲೆಂಟ್‌ಗೂ ಹಾಕಿಬಿಟ್ಟರೆ ಪಟ್ಟಿಯಲ್ಲಿರುವವರ ಕರೆಯೂ ಸದ್ದು ಮಾಡದೇ ಹೋಗಬಹುದು. ರಿಂಗ್ ಪೂರ್ತಿ ಜೋರಾಗಿರಲಿ, ಡು ನಾಟ್ ಡಿಸ್ಟರ್ಬ್ ಆನ್ ಇರಲಿ. ಆಮೇಲೆ ಮನೆಯವರ ಫೋನಿಂದ ಒಂದು ಸಲ ಕರೆ ಮಾಡಿಸಿ, ಮುಚ್ಚಿದ ಬಾಗಿಲಿನ ಈಚೆ ಕೂತು ಕೇಳಿಸುತ್ತದೆಯೇ ನೋಡಿ. ಕೇಳಿಸಿತು ಅಂತ ಗೊತ್ತಾದ ಮೇಲೆ ಮನಸ್ಸಿಗೆ ಎಷ್ಟು ನಿರಾಳ ಅನ್ನುವುದು ಮಾಡಿ ನೋಡಿದರೇ ತಿಳಿಯುವುದು.

ಹೆಜ್ಜೆ 4: ಎದ್ದು ಹೋಗಬೇಕಾದಷ್ಟು ದೂರ ಇಡಿ

ಬೇರೆ ಕೋಣೆ ಇದ್ದರೆ ಬೇರೆ ಕೋಣೆ. ಬಾಗಿಲು ಮುಚ್ಚಿದ್ದರೆ ಇನ್ನೂ ಒಳ್ಳೆಯದು. ಒಂದೇ ಕೋಣೆಯಲ್ಲಿ ಇರುವವರು, ಹಾಸ್ಟೆಲ್‌ನವರು, ಬೆನ್ನ ಹಿಂದಿನ ಕಪಾಟಿನೊಳಗೆ ಇಡಿ. ಲೈಬ್ರರಿಯಲ್ಲಾದರೆ ಚೀಲದ ತಳಕ್ಕೆ ಹಾಕಿ ಜಿಪ್ ಎಳೆದು ಚೀಲವನ್ನು ಎದುರಿನ ಕುರ್ಚಿಯ ಕೆಳಗೆ. ನಿಯಮ ಒಂದೇ: ಕೂತಲ್ಲಿಂದ ಕೈಚಾಚಿದರೆ ಸಿಗಬಾರದು, ಕಣ್ಣಿಗೂ ಬೀಳಬಾರದು. ಎದ್ದು ಹೋಗಬೇಕು ಅಂದರೆ ನಡುವೆ ಎರಡು ಸೆಕೆಂಡ್ ಸಿಗುತ್ತದೆ. ಆ ಎರಡು ಸೆಕೆಂಡಿನಲ್ಲಿ "ಯಾಕೆ ಏಳ್ತಾ ಇದ್ದೀನಿ?" ಅನ್ನುವ ಪ್ರಶ್ನೆ ಬರುತ್ತದೆ, ಮತ್ತು ಬಹಳ ಸಲ ಅದಕ್ಕೆ ಉತ್ತರವೇ ಇರುವುದಿಲ್ಲ.

ಮನಸ್ಸು ಗಟ್ಟಿ ಇದ್ದರೆ ಪಕ್ಕದಲ್ಲಿದ್ದರೂ ಮುಟ್ಟಲ್ಲ ಅನ್ನುವವರಿಗೆ ಒಂದು ಮಾತು. ಮುಟ್ಟದೇ ಇರುವುದೂ ಒಂದು ಕೆಲಸವೇ. ನಾವು ಒಂದೇ ಹೊತ್ತಿಗೆ ತಲೆಯಲ್ಲಿ ಹಿಡಿದಿಡಬಲ್ಲ ವಿಷಯಗಳು ತೀರಾ ಕಡಿಮೆ, ಮನಶ್ಶಾಸ್ತ್ರಜ್ಞ ನೆಲ್ಸನ್ ಕೋವನ್ 2001ರಲ್ಲಿ ಕೊಟ್ಟ ಅಂದಾಜು ಸುಮಾರು 4. ಅಷ್ಟು ಚಿಕ್ಕ ಜಾಗದಲ್ಲಿ "ನೋಡಬಾರದು, ನೋಡಬಾರದು" ಅನ್ನುವ ಕಾವಲುಗಾರನನ್ನೂ ಕೂರಿಸಿದರೆ ಲೆಕ್ಕಕ್ಕೆ ಎಲ್ಲಿದೆ ಜಾಗ? ಕಣ್ಣೆದುರು ಇಲ್ಲದ್ದಕ್ಕೆ ಕಾವಲು ಬೇಕಿಲ್ಲ.

ಹೆಜ್ಜೆ 5: ಕಂಪ್ಯೂಟರನ್ನು ಮರೆಯಬೇಡಿ

ಫೋನ್ ದೂರ ಇಡುವ ಸಲಹೆ ಕೊಡುವವರು ಇದನ್ನು ಹೇಳುವುದೇ ಇಲ್ಲ. 2025ರಲ್ಲಿ ಪ್ರಕಟವಾದ ಒಂದು ಪುಟ್ಟ ಅಧ್ಯಯನದಲ್ಲಿ 22 ಜನರನ್ನು ಎರಡು ದಿನ ಕೆಲಸಕ್ಕೆ ಕೂರಿಸಿದರು. ಒಂದು ದಿನ ಫೋನ್ ಮೇಜಿನ ಮೇಲೆ, ಇನ್ನೊಂದು ದಿನ 1.5 ಮೀಟರ್ ದೂರದಲ್ಲಿ. ದೂರ ಇದ್ದ ದಿನ ಫೋನ್ ಬಳಕೆ ಇಳಿಯಿತು. ಆದರೆ ಕೆಲಸದ ಹೊತ್ತು ಹೆಚ್ಚಲಿಲ್ಲ, ಜನ ಲ್ಯಾಪ್‌ಟಾಪಿನಲ್ಲೇ ಅದನ್ನೆಲ್ಲ ನೋಡತೊಡಗಿದರು. ನಗು ಬರುತ್ತದೆ, ಆದರೆ ನಾವೂ ಅದನ್ನೇ ಮಾಡುತ್ತೇವೆ.

ಆದ್ದರಿಂದ ಕಂಪ್ಯೂಟರಿನಲ್ಲಿ ಕೆಲಸ ಮಾಡುವವರು ಇಷ್ಟು ಮಾಡಿ. ವಾಟ್ಸಾಪ್ ವೆಬ್ ಇದ್ದರೆ ಟ್ಯಾಬ್ ಮುಚ್ಚುವುದಷ್ಟೇ ಸಾಲದು, ಲಾಗೌಟ್ ಮಾಡಿ. ಮತ್ತೆ ಒಳಗೆ ಬರಬೇಕಾದರೆ ಫೋನ್ ಬೇಕು, ಫೋನ್ ಆಚೆ ಇದೆ, ಬೀಗ ತಾನಾಗಿಯೇ ಬಿತ್ತು. ಬ್ರೌಸರಿನಲ್ಲಿ ಕೆಲಸಕ್ಕೆಂದೇ ಬೇರೆ ಪ್ರೊಫೈಲ್ ಮಾಡಿ, ಅದರಲ್ಲಿ ಯಾವ ಸೋಶಿಯಲ್ ಮೀಡಿಯಾಕ್ಕೂ ಲಾಗಿನ್ ಆಗಬೇಡಿ. ಬೇಕಿಲ್ಲದ ಟ್ಯಾಬ್‌ಗಳು ಬೇಡ. ಬರೆಯುವ ಕೆಲಸಕ್ಕೆ ಇಂಟರ್ನೆಟ್ ಬೇಡವಾದರೆ ವೈಫೈಯನ್ನೇ ಆಫ್ ಮಾಡಿ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಗ್ಲೋರಿಯಾ ಮಾರ್ಕ್ ವರ್ಷಗಟ್ಟಲೆ ಇದನ್ನೇ ಅಳೆದವರು. 2004ರಲ್ಲಿ ಜನ ಒಂದು ಪರದೆಯ ಮೇಲೆ ಸರಾಸರಿ ಎರಡೂವರೆ ನಿಮಿಷ ನಿಲ್ಲುತ್ತಿದ್ದರು, ಈಚಿನ ವರ್ಷಗಳಲ್ಲಿ ಅದು 47 ಸೆಕೆಂಡಿಗೆ ಇಳಿದಿದೆ ಅನ್ನುತ್ತಾರೆ ಅವರು. ಇದು ಫೋನಿನ ಲೆಕ್ಕವಲ್ಲ, ಕಂಪ್ಯೂಟರ್ ಪರದೆಯ ಲೆಕ್ಕ.

ಹೆಜ್ಜೆ 6: ಚಿಕ್ಕ ಹೊತ್ತಿನಿಂದ ಶುರು ಮಾಡಿ, ಪಕ್ಕದಲ್ಲಿ ಚೀಟಿ ಇರಲಿ

ಮೊದಲ ದಿನವೇ ಮೂರು ಗಂಟೆ ಅಂತ ಪಣ ತೊಡಬೇಡಿ. ಅಮೆರಿಕದ ಮನಶ್ಶಾಸ್ತ್ರಜ್ಞ ಲ್ಯಾರಿ ರೋಸೆನ್ ಮತ್ತು ಜೊತೆಗಾರರು 263 ವಿದ್ಯಾರ್ಥಿಗಳು ಮನೆಯಲ್ಲಿ ಓದುವುದನ್ನು 15 ನಿಮಿಷ ಕೂತು ಗಮನಿಸಿದ್ದರು. ನೋಡುವವರು ಎದುರಿಗೇ ಇದ್ದರೂ ವಿದ್ಯಾರ್ಥಿಗಳು ಓದಿನಲ್ಲಿ ನಿಂತದ್ದು ಸರಾಸರಿ 6 ನಿಮಿಷಕ್ಕೂ ಕಡಿಮೆ. 2013ರ ಮಾತು ಇದು. ಹಾಗಾಗಿ ನಿಮಗೆ 20 ನಿಮಿಷ ಒಂದೇ ಸಮ ಕೂರಲು ಬಂದರೆ ಅದನ್ನು ಸಣ್ಣದು ಅಂದುಕೊಳ್ಳಬೇಡಿ. 20 ಸಲೀಸಾದ ಮೇಲೆ 30, ಆಮೇಲೆ 45. 25 ನಿಮಿಷವೇ ಸರಿ, 50 ನಿಮಿಷವೇ ಸರಿ ಅಂತ ಮಂತ್ರದ ಹಾಗೆ ಹೇಳುವವರಿದ್ದಾರೆ, ಆ ಸಂಖ್ಯೆಗಳಲ್ಲಿ ವಿಶೇಷವೇನೂ ಇಲ್ಲ. ನಿಮಗೆ ಎಷ್ಟು ಹೊಂದುತ್ತದೋ ಅಷ್ಟು.

ಕೂತ ಐದು ನಿಮಿಷಕ್ಕೆ ತಲೆ ಶುರು ಹಚ್ಚಿಕೊಳ್ಳುತ್ತದೆ. ಕರೆಂಟ್ ಬಿಲ್ ಕಟ್ಟಿದೆನಾ? ಅವನಿಗೆ ಉತ್ತರ ಕೊಡಬೇಕಿತ್ತಲ್ಲ? ಆ ನಟನ ಹೆಸರೇನು? ಒಂದೊಂದೂ ಫೋನ್ ಕಡೆ ಎಳೆಯುವ ದಾರವೇ. ಬಂದದ್ದನ್ನೆಲ್ಲ ಚೀಟಿಯಲ್ಲಿ ಒಂದೊಂದು ಪದದಲ್ಲಿ ಬರೆದು ಬಿಡಿ: ಬಿಲ್, ಉತ್ತರ, ನಟ. ಬರೆದ ಮೇಲೆ ಮರೆತುಹೋಗುವ ಭಯ ಇರುವುದಿಲ್ಲ, ತಲೆ ಅದನ್ನು ಬಿಡುತ್ತದೆ. ಆ ಹೊತ್ತು ಮುಗಿದ ಮೇಲೆ ಚೀಟಿ ನೋಡಿ, ಕೆಲವಕ್ಕೆ ಮಾತ್ರ ನಿಜಕ್ಕೂ ಫೋನ್ ಬೇಕಾಗಿರುತ್ತದೆ. ನಟನ ಹೆಸರು ಯಾರಿಗೆ ಬೇಕು?

ತೊಡಕಿನ ಜಾಗಕ್ಕೆ ಬೇರೆ ಉಪಾಯ ಬೇಕು. ಮೊದಲ ಹೆಜ್ಜೆಯಲ್ಲಿ ನಿಮ್ಮ ಗೀಟುಗಳು ಕಷ್ಟದ ಕಡೆಯೇ ಗುಂಪಾಗಿದ್ದರೆ, ಅಲ್ಲಿ ಏನು ಮಾಡುತ್ತೀರಿ ಅಂತ ಮೊದಲೇ ಗೊತ್ತು ಮಾಡಿಕೊಳ್ಳಿ. "ಅರ್ಥವಾಗದ ಸಾಲು ಬಂದರೆ ಅದನ್ನು ಗಟ್ಟಿಯಾಗಿ ಓದುತ್ತೇನೆ." "ಲೆಕ್ಕ ನಿಂತರೆ ಕೊಟ್ಟಿರುವುದೇನು, ಕೇಳಿರುವುದೇನು ಅಂತ ಮತ್ತೆ ಬರೆಯುತ್ತೇನೆ." ಹೀಗಾದರೆ ಹೀಗೆ ಮಾಡುತ್ತೇನೆ ಅಂತ ಮುಂಚೆಯೇ ನಿಶ್ಚಯಿಸಿಕೊಂಡವರು, ಸುಮ್ನೆ "ಚೆನ್ನಾಗಿ ಓದುತ್ತೇನೆ" ಅಂದುಕೊಂಡವರಿಗಿಂತ ಹೆಚ್ಚು ಸಾಧಿಸುತ್ತಾರೆ ಅನ್ನುವುದನ್ನು ಮನಶ್ಶಾಸ್ತ್ರಜ್ಞ ಪೀಟರ್ ಗೋಲ್ವಿಟ್ಸರ್ 1990ರ ದಶಕದಿಂದ ತೋರಿಸುತ್ತಾ ಬಂದಿದ್ದಾರೆ.

ಹೆಜ್ಜೆ 7: ಬಿಡುವಿನಲ್ಲಿ ಫೋನ್ ಎತ್ತಬೇಡಿ

ಇದು ಕಷ್ಟದ ಹೆಜ್ಜೆ, ಗೊತ್ತು. ಅರ್ಧ ಗಂಟೆ ದುಡಿದ ಮೇಲೆ ಐದು ನಿಮಿಷ ಫೋನ್ ನೋಡಿದರೆ ತಪ್ಪೇನು ಅನ್ನಿಸುತ್ತದೆ. ತಪ್ಪೇನಿಲ್ಲ, ಆದರೆ ದುಬಾರಿ. ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋದಾಗ ಗಮನದ ಒಂದು ಪಾಲು ಹಳೆಯದರಲ್ಲೇ ಉಳಿದುಬಿಡುತ್ತದೆ, ಅದರಲ್ಲೂ ಹಳೆಯದು ಅರ್ಧಕ್ಕೇ ನಿಂತಿದ್ದರೆ. ಸೋಫಿ ಲೆರಾಯ್ ಅನ್ನುವ ಸಂಶೋಧಕಿ 2009ರಲ್ಲಿ ಇದನ್ನು ತೋರಿಸಿದರು. ಫೋನಿನಲ್ಲಿ ಇರುವುದೆಲ್ಲ ಅರ್ಧಕ್ಕೆ ನಿಲ್ಲುವಂಥದ್ದೇ. ಗ್ರೂಪಿನ ಜಗಳ ಮುಗಿದಿರುವುದಿಲ್ಲ, ಕೇಳಿದ ಪ್ರಶ್ನೆಗೆ ಉತ್ತರ ಬಂದಿರುವುದಿಲ್ಲ, ಕಳಿಸಿದ ಫೋಟೋ ಯಾರು ನೋಡಿದರೋ ಗೊತ್ತಿಲ್ಲ. ಐದು ನಿಮಿಷದ ಬಿಡುವು ಮುಗಿಸಿ ಪುಸ್ತಕದ ಮುಂದೆ ಕೂತರೂ ತಲೆ ಆ ಗ್ರೂಪಿನಲ್ಲೇ ಇರುತ್ತದೆ.

ಬಿಡುವಿನಲ್ಲಿ ಎದ್ದು ಓಡಾಡಿ, ನೀರು ಕುಡಿಯಿರಿ, ಕಿಟಕಿಯಾಚೆ ನೋಡಿ, ಯಾರಾದರೂ ಇದ್ದರೆ ಮಾತಾಡಿ. ಬೇಜಾರಾಗುತ್ತದೆಯೇ? ಆಗಲಿ. ಫೋನಿಗೆ ಬೇರೆ ಹೊತ್ತು ಗೊತ್ತು ಮಾಡಿ, ಎರಡು ಮೂರು ಸುತ್ತು ಮುಗಿದ ಮೇಲೆ ಇಪ್ಪತ್ತು ನಿಮಿಷ ಆರಾಮಾಗಿ ಕೂತು ನೋಡಿ, ಕದ್ದು ನೋಡುವ ಅಗತ್ಯವೇ ಇಲ್ಲ.

ಹೆಜ್ಜೆ 8: ನೋಟಿಫಿಕೇಶನ್‌ಗಳನ್ನು ಕಂತು ಮಾಡಿ

ಕೆಲಸದ ಹೊತ್ತಿನಲ್ಲಿ ಫೋನ್ ದೂರ ಆಯಿತು. ಉಳಿದ ಹೊತ್ತು? ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ 2015ರಲ್ಲಿ ಮಾಡಿದ ಒಂದು ಪ್ರಯೋಗದಲ್ಲಿ, ಗಮನ ಬೇಡುವ ಪರೀಕ್ಷೆಯ ನಡುವೆ ಜನರ ಫೋನಿಗೆ ಕರೆ ಅಥವಾ ಮೆಸೇಜ್ ಕಳಿಸಿದರು. ಯಾರೂ ಫೋನ್ ಮುಟ್ಟಲಿಲ್ಲ. ಆದರೂ ಸದ್ದು ಕೇಳಿದ ಮೇಲೆ ತಪ್ಪುಗಳು ಹೆಚ್ಚಿದವು. ಬಂದದ್ದು ಏನಿರಬಹುದು ಅನ್ನುವ ಯೋಚನೆಯೇ ಸಾಕಾಯಿತು.

ಹಾಗಂತ ಎಲ್ಲವನ್ನೂ ಬಂದ್ ಮಾಡಿಬಿಡಬೇಡಿ. 2019ರ ಒಂದು ಅಧ್ಯಯನದಲ್ಲಿ ಕೆಲವರಿಗೆ ನೋಟಿಫಿಕೇಶನ್‌ಗಳು ಎಂದಿನಂತೆ, ಕೆಲವರಿಗೆ ದಿನಕ್ಕೆ 3 ಸಲ ಒಟ್ಟಿಗೆ, ಕೆಲವರಿಗೆ ಬರಲೇ ಇಲ್ಲ. ಮೂರು ಸಲದವರು ಹೆಚ್ಚು ನೆಮ್ಮದಿಯಾಗಿದ್ದರು, ಗಮನವೂ ಚೆನ್ನಾಗಿತ್ತು. ಏನೂ ಬಾರದವರಿಗೆ ಆತಂಕ ಜಾಸ್ತಿಯಾಯಿತು, ಏನೋ ತಪ್ಪಿಹೋಗುತ್ತಿದೆ ಅನ್ನುವ ಭಯ. ಐಫೋನಿನಲ್ಲಿ ನೋಟಿಫಿಕೇಶನ್‌ಗಳನ್ನು ಗೊತ್ತಾದ ಹೊತ್ತಿಗೆ ಕಟ್ಟು ಕಟ್ಟಿ ಕೊಡುವ ಸೌಲಭ್ಯ 2021ರಿಂದ ಇದೆ. ಆಂಡ್ರಾಯ್ಡ್‌ನಲ್ಲಿ ಒಂದೊಂದು ಆಪ್‌ಗೆ ಹೋಗಿ ಸದ್ದು ತೆಗೆದು, ನೀವೇ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಅಂತ ನೋಡುವ ಅಭ್ಯಾಸ ಮಾಡಿಕೊಂಡರೂ ಆಯಿತು. ಮನುಷ್ಯರು ಕಳಿಸುವ ಮೆಸೇಜ್‌ಗಳನ್ನು ಉಳಿಸಿಕೊಳ್ಳಿ. ಆಪ್‌ಗಳು ತಾವೇ ಕಳಿಸುವ ಆಫರ್, "ನಿಮಗಾಗಿ", "ಇವರು ಪೋಸ್ಟ್ ಮಾಡಿದ್ದಾರೆ" ಎಲ್ಲವನ್ನೂ ಇವತ್ತೇ ತೆಗೆದುಹಾಕಿ, ಯೋಚಿಸುವ ಅಗತ್ಯವೂ ಇಲ್ಲ. ಆಪ್ ಐಕಾನ್ ಮೇಲಿನ ಕೆಂಪು ಸಂಖ್ಯೆಗಳನ್ನೂ ತೆಗೆಯಿರಿ.

ಫೋನ್ ಕೈಯಲ್ಲೇ ಇರಬೇಕಾದ ಕೆಲಸವಾದರೆ

ಎಲ್ಲರಿಗೂ ಬೇರೆ ಕೋಣೆಯ ಭಾಗ್ಯ ಇಲ್ಲ. ಡೆಲಿವರಿ ಮಾಡುವವರು, ಡ್ಯೂಟಿಯಲ್ಲಿರುವ ಡಾಕ್ಟರ್, ಗ್ರಾಹಕರ ಕರೆಗೆ ಕಾದು ಕೂರುವವರು ಫೋನ್ ಬಿಟ್ಟು ಏಳುವಂತಿಲ್ಲ. ಇವರು ದೂರವನ್ನು ಫೋನಿನ ಒಳಗೇ ಹುಟ್ಟಿಸಿಕೊಳ್ಳಬೇಕು. ಮೊದಲ ಪರದೆಯಲ್ಲಿ ಕರೆ, ಕ್ಯಾಮೆರಾ, ಕೆಲಸದ ಆಪ್ ಮಾತ್ರ ಇರಲಿ. ಹೊತ್ತು ನುಂಗುವ ಆಪ್‌ಗಳನ್ನು ತೆಗೆದುಹಾಕಿ, ಬೇಕಾದಾಗ ಬ್ರೌಸರಿನಲ್ಲಿ ಲಾಗಿನ್ ಆಗಿ ನೋಡಿ, ಮುಗಿದ ಮೇಲೆ ಲಾಗೌಟ್ ಮಾಡಿ. ಪ್ರತಿ ಸಲ ಪಾಸ್‌ವರ್ಡ್ ಹಾಕುವ ರಗಳೆಯೇ ಇಲ್ಲಿ ಔಷಧಿ. ಪರದೆಯನ್ನು ಕಪ್ಪುಬಿಳುಪು ಮಾಡುವುದೂ ಕೆಲವರಿಗೆ ನಾಟುತ್ತದೆ, ಬಣ್ಣವಿಲ್ಲದ ರೀಲ್ಸ್ ಎಷ್ಟು ಹೊತ್ತು ನೋಡಲಾದೀತು?

ಗಟ್ಟಿ ಮನಸ್ಸಿನವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಬಹುದು. 2025ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ನಾನೂರಕ್ಕೂ ಹೆಚ್ಚು ಜನರ ಫೋನಿನಲ್ಲಿ ಎರಡು ವಾರ ಇಂಟರ್ನೆಟ್ ಮಾತ್ರ ಬಂದ್ ಮಾಡಿಸಿದರು. ಕರೆ ಇತ್ತು, ಎಸ್‌ಎಂಎಸ್ ಇತ್ತು, ಕಂಪ್ಯೂಟರಿನಲ್ಲಿ ಇಂಟರ್ನೆಟ್ಟೂ ಇತ್ತು. ಒಂದೇ ಕಡೆ ಗಮನ ನಿಲ್ಲಿಸುವ ಶಕ್ತಿ ಹೆಚ್ಚಿತು, ಮನಸ್ಸೂ ಹಗುರಾಯಿತು. ಆದರೆ ಹೇಳಿದಂತೆ ಪೂರ್ತಿ ಪಾಲಿಸಿದವರು ಸುಮಾರು ಕಾಲು ಭಾಗ ಜನ ಮಾತ್ರ. ಹಾಗಾಗಿ ನಿಮ್ಮಿಂದ ಎರಡು ವಾರ ಆಗದಿದ್ದರೆ ಬೇಸರ ಬೇಡ. ಭಾನುವಾರ ಬೆಳಿಗ್ಗೆ ಮೊಬೈಲ್ ಡೇಟಾ ಆಫ್ ಮಾಡಿ ಶುರು ಮಾಡಿ.

ಮೊದಲ ವಾರ ಏನೇನಾಗಬಹುದು

ತೊಡೆಯ ಹತ್ತಿರ ಫೋನ್ ಅದುರಿದ ಹಾಗೆ ಅನ್ನಿಸುತ್ತದೆ, ಜೇಬು ಮುಟ್ಟಿ ನೋಡಿದರೆ ಫೋನೇ ಇರುವುದಿಲ್ಲ. ಗಾಬರಿ ಬೇಡ. 2012ರಲ್ಲಿ ಅಮೆರಿಕದ ಒಂದು ಅಧ್ಯಯನದಲ್ಲಿ ಶೇ. 89ರಷ್ಟು ಕಾಲೇಜು ವಿದ್ಯಾರ್ಥಿಗಳು ತಮಗೂ ಹೀಗಾಗಿದೆ ಅಂದಿದ್ದರು. ಕೈ ಖಾಲಿ ಖಾಲಿ ಅನ್ನಿಸುತ್ತದೆ, ಪೆನ್ನು ತಿರುಗಿಸುತ್ತಾ ಕೂರುತ್ತೀರಿ. ಸ್ನೇಹಿತರು "ಯಾಕೆ ಬೇಗ ರಿಪ್ಲೈ ಮಾಡಲ್ಲ?" ಅಂತ ಮುನಿಸಿಕೊಳ್ಳುತ್ತಾರೆ, ಅವರಿಗೆ "ಸಂಜೆ ಆರರ ಮೇಲೆ ಸಿಗ್ತೀನಿ" ಅಂತ ಮೊದಲೇ ಒಂದು ಮಾತು ಹಾಕಿಬಿಡಿ. ಹೆಚ್ಚಿನವರು ಒಪ್ಪುತ್ತಾರೆ, ಕೆಲವರು ತಾವೂ ಅದನ್ನೇ ಶುರು ಮಾಡುತ್ತಾರೆ.

ಒಂದು ವಾರ ಆದ ಮೇಲೆ ಮತ್ತೆ ಹಾಳೆ ಇಟ್ಟುಕೊಂಡು ಗೀಟು ಎಳೆಯಿರಿ, ಈ ಸಲ ಫೋನ್ ಆಚೆ ಕೋಣೆಯಲ್ಲಿರುವಾಗ. ಎದ್ದು ಹೋಗಬೇಕು ಅನ್ನಿಸಿದಾಗೆಲ್ಲ ಒಂದು. ಗೀಟು ಕಡಿಮೆಯಾಗಿದ್ದರೆ ಹೊತ್ತು ಹೆಚ್ಚಿಸಿ. ಗೀಟು ಹಾಗೇ ಇದ್ದರೆ ಎರಡನೇ ಹೆಜ್ಜೆಯಲ್ಲಿ ಏನನ್ನೋ ಬಿಟ್ಟಿದ್ದೀರಿ, ಯಾವ ಸಣ್ಣ ಕೆಲಸ ಇನ್ನೂ ಫೋನಿನ ಕೈಯಲ್ಲಿದೆ ಹುಡುಕಿ. ಗೀಟು ಕಡಿಮೆಯಾಗಿಯೂ ಓದು ಸಾಗುತ್ತಿಲ್ಲ ಅಂದರೆ ಫೋನನ್ನು ಬೈಯುವುದು ಬಿಡಿ. ನಿದ್ದೆ ಸಾಕಾಗುತ್ತಿಲ್ಲವೋ, ಹಿಂದಿನ ಪಾಠವೇ ಸರಿಯಾಗಿ ಅರ್ಥವಾಗಿಲ್ಲವೋ, ಅಥವಾ ಆ ವಿಷಯ ನಿಜಕ್ಕೂ ಯಾರಾದರೂ ಕೂತು ಹೇಳಿಕೊಡಬೇಕಾದಷ್ಟು ಕಷ್ಟವೋ ನೋಡಿ.